ಕದಡಿದ ನೀರು

ಅಮ್ಮ ಹೋದ ಮೇಲೆ ಅಪ್ಪಯ್ಯನನ್ನು ಕುಂದಾಪುರದಿಂದ ಬೆಂಗಳೂರಿಗೆ ಕರೆತಂದು ಮೂರು ತಿಂಗಳಾಗಿತ್ತು. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕೂತು ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: “ಇಲ್ಲಿ ಗಾಳಿ ಯಾವ್ ಬದಿಂದ ಬತ್ತ್?” ನಲವತ್ತು ವರ್ಷ ದೋಣಿಯಲ್ಲಿ ಕಳೆದವರಿಗೆ ಏನು ಉತ್ತರ ಹೇಳಲಿ? ಕಡಲಿನ ಒಂದು ತುಣುಕನ್ನಾದರೂ ಮನೆಗೆ ತರೋಣವೆಂದು ನೂರು ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಕೊಂಡೆ.

ಅದಕ್ಕೆ ಬೋರ್‌ವೆಲ್ ನೀರು ಆಗದು, ಆರ್‌ಓ ನೀರು ಬೇಕು. ಅಡುಗೆ ಉಪ್ಪೂ ನಡೆಯದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿದ ಮಿಶ್ರಣ ಬೇಕು, ಲೀಟರಿಗೆ ಸುಮಾರು 35 ಗ್ರಾಂ. ಬಕೆಟ್ಟಿನಲ್ಲಿ ಕರಗಿಸಿ, ಸಾಪೇಕ್ಷ ಸಾಂದ್ರತೆ 1.025ಕ್ಕೆ ಬಂದ ಮೇಲೆ ಸುರಿದೆ. ಅವಸರದಲ್ಲಿ ಮರಳನ್ನು ಸರಿಯಾಗಿ ತೊಳೆದಿರಲಿಲ್ಲ. ತೊಟ್ಟಿಯೆಲ್ಲ ಅಕ್ಕಿ ತೊಳೆದ ನೀರಿನಂತಾಯಿತು. ಅದು ಬರೀ ದೂಳು, ಎರಡು ದಿನಕ್ಕೆ ತಳಕ್ಕಿಳಿಯಿತು.

ಆಮೇಲೆ ಹಸಿ ಸೀಗಡಿಯ ಒಂದು ಚೂರನ್ನು ನೀರಿಗೆ ಹಾಕಿದೆ. “ಮೀನೇ ಇಲ್ಲೆ, ಚಟ್ಲಿ ಯಾರಿಗೆ?” ಎಂದರು ಅಪ್ಪಯ್ಯ. ಅದು ಕೊಳೆತು ಅಮೋನಿಯಾ ಹುಟ್ಟಬೇಕು, ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೆಲೆಯೂರಬೇಕು ಎಂದು ವಿವರಿಸಿದೆ. ಐದನೇ ದಿನ ನೀರು ಹಾಲಿನಂತೆ ಬೆಳ್ಳಗಾಯಿತು. ಗಾಬರಿಯಾಗಿ ಅರ್ಧ ನೀರು ಬದಲಿಸಿದೆ. ಮರುದಿನ ಮತ್ತೆ ಬಿಳುಪು. ಮತ್ತೆ ಬದಲಿಸಿದೆ. ಮೂರನೇ ರಾತ್ರಿ ಪೈಪು ಹಿಡಿದು ನಿಂತಾಗ ಅಪ್ಪಯ್ಯ ಎದ್ದು ಬಂದರು.

“ಸುಮ್ನಿರ್ ಮಗಾ. ಮಳಿಗಾಲದಗೆ ಕಡ್ಲ್ ಕದಡ್ತಿಲ್ಯಾ? ಅದ್ರ ನೀರ್ ಯಾರಾರೂ ಬದಲ್ಸ್ತ್ರಾ?”

ಓದಿ ನೋಡಿದರೆ ಅವರು ಹೇಳಿದ್ದೇ ಸರಿ. ಕೊಳೆತದ್ದನ್ನು ತಿನ್ನುವ ಬ್ಯಾಕ್ಟೀರಿಯಾಗಳು ಬೇಗ ಹೆಚ್ಚುತ್ತವೆ. ಆ ಬಿಳುಪು ಅವುಗಳದೇ. ತಿನ್ನಲು ಏನೂ ಉಳಿಯದಾದಾಗ ತಾವಾಗಿಯೇ ತಗ್ಗುತ್ತವೆ. ಅಮೋನಿಯಾವನ್ನು ನೈಟ್ರೈಟ್ ಮಾಡುವವು, ನೈಟ್ರೈಟನ್ನು ನೈಟ್ರೇಟ್ ಮಾಡುವವು ನಿಧಾನದವು. ಅವಕ್ಕೆ ವಾರಗಟ್ಟಲೆ ಬೇಕು. ಸಮತೋಲನ ಕೂಡಿಬರುವ ಮೊದಲೇ ನಾನು ಪ್ರತಿಸಲ ಕದಡುತ್ತಿದ್ದೆ.

ಉಳಿದ ಸೀಗಡಿಯನ್ನು ತೆಗೆದುಹಾಕಿದೆ. ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನೂ ಹೀರುವುದರಿಂದ ಏರ್ ಪಂಪನ್ನು ಹಗಲೂರಾತ್ರಿ ಓಡಿಸಿದೆ. ಮತ್ತೇನೂ ಮಾಡಲಿಲ್ಲ. ಅದೇ ಕಷ್ಟದ ಕೆಲಸವಾಗಿತ್ತು. ಅಪ್ಪಯ್ಯ ಬೆಳಿಗ್ಗೆ ಕುರ್ಚಿಯನ್ನು ಬಾಲ್ಕನಿಯಿಂದ ತೊಟ್ಟಿಯ ಮುಂದಕ್ಕೆ ಎಳೆದುಕೊಳ್ಳತೊಡಗಿದರು. ಜೂನ್, ಜುಲೈ 61 ದಿನ ಮೀನುಗಾರಿಕೆಗೆ ನಿಷೇಧವಿರುವಾಗ ದಡದಲ್ಲಿ ಕೂತು ಬಲೆ ಹೊಲಿಯುತ್ತಿದ್ದುದನ್ನು ಹೇಳಿದರು. ಒಂದು ದಿನ, ಗಾಜಿನಿಂದ ಕಣ್ಣು ತೆಗೆಯದೆ, “ಕಡ್ಲ್ ತಿಳಿ ಆದ್ದ್ ಮೊದ್ಲ್ ನಿನ್ನಮ್ಮಂಗೇ ಗೊತ್ತಾತಿತ್ತ್” ಎಂದರು.

ಮೂರು ತಿಂಗಳಲ್ಲಿ ಅವರು ಅಮ್ಮನ ಮಾತೆತ್ತಿದ್ದು ಅದೇ ಮೊದಲು. ಟಿವಿ, ವಾಕಿಂಗ್, ದೇವಸ್ಥಾನ ಎಂದು ನಾನು ಅವರನ್ನೂ ದಿನಕ್ಕೊಂದು ಸಲ ಬದಲಿಸಲು ಹೊರಟಿದ್ದೆನಲ್ಲ ಅನ್ನಿಸಿತು. ಏನೂ ಹೇಳದೆ ಪಕ್ಕದಲ್ಲಿ ಕೂತೆ. ಅವರು ತುಂಬಾ ಹೊತ್ತು ಮಾತಾಡಿದರು.

ಇನ್ನೊಂದು ವಾರಕ್ಕೆ ಹಿಂಬದಿಯ ಗಾಜು ಕಂಡಿತು. ಆರನೇ ವಾರ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆ ಎರಡು ಪುಟ್ಟ ಕ್ಲೌನ್ ಮೀನುಗಳನ್ನು ಬಿಟ್ಟೆ. ಅಪ್ಪಯ್ಯ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

“ಇದ್ ಸಾರಿಗಾತಿಲ್ಲೆ ಬಿಡ್” ಎಂದು ನಕ್ಕರು.