ಎರಡನೆಯ ಅವಕಾಶ

ನನ್ನ ಕ್ರಿಕೆಟ್ ಹುಚ್ಚು ಹಳೆಯ ವಿದ್ಯಾರ್ಥಿಗಳಿಗೆ ಗೊತ್ತಿರುವುದೇ. 2014ರ ಡಿಸೆಂಬರ್ ಕೊನೆಯ ವಾರ, ದಾಂಡೇಲಿಯ ಚಳಿಯಲ್ಲಿ ನಸುಕಿಗೇ ಎದ್ದು ಕಂಬಳಿ ಹೊದ್ದು ಟಿ.ವಿ. ಮುಂದೆ ಕೂರುತ್ತಿದ್ದೆ. ಮೆಲ್ಬರ್ನ್‌ನಲ್ಲಿ ನಮ್ಮ ಕರ್ನಾಟಕದ ಕೆ.ಎಲ್. ರಾಹುಲ್‌ಗೆ ಅದು ಮೊದಲ ಟೆಸ್ಟ್. ಮೊದಲ ಇನಿಂಗ್ಸ್‌ನಲ್ಲಿ 3 ರನ್, ಎರಡನೆಯದರಲ್ಲಿ 1. ಎರಡು ಸಲವೂ ಅವಸರದ ಹೊಡೆತ! "ಇವನಿಂದ ಆಗದು, ತೆಗೆದುಹಾಕಬೇಕು" ಎಂದು ಸಿಡುಕಿದೆ.

ಚಹಾ ತಂದಿಟ್ಟ ನನ್ನಾಕೆ, "ಇನ್ನೂ 22ರ ಹುಡುಗ. ಶಾಲೆಯ ಮಕ್ಕಳಿಗೂ ಹೀಗೆಯೇ ಅನ್ನುತ್ತೀರೇನು?" ಎಂದಳು.

ನಾನು ಉತ್ತರಿಸಲಿಲ್ಲ. ಎರಡು ಕಿರುಪರೀಕ್ಷೆಗಳಲ್ಲಿ ಸೋತ ಹತ್ತನೆಯ ತರಗತಿಯ ಹುಡುಗನೊಬ್ಬನಿಗೆ ಹಿಂದಿನ ವಾರವಷ್ಟೇ ಎಲ್ಲರೆದುರು, "ನಿನ್ನಿಂದ ಆಗದು" ಎಂದಿದ್ದೆ.

ತಂಡವು ರಾಹುಲ್‌ನನ್ನು ಕೈಬಿಡಲಿಲ್ಲ. ಸಿಡ್ನಿಯಲ್ಲಿ ಆರಂಭಿಕನಾಗಿಯೇ ಕಳಿಸಿತು. 2015ರ ಜನವರಿ 8ರಂದು ಆತ ಶತಕ ಪೂರೈಸಿದ; 262 ಎಸೆತಗಳಲ್ಲಿ 110 ರನ್. ಅವಸರದ ಹುಡುಗನಿಗೆ ಅಷ್ಟೊಂದು ತಾಳ್ಮೆ ಎಲ್ಲಿತ್ತು? ಶಿಕ್ಷಕರ ಕೊಠಡಿಯಲ್ಲಿ ಎಲ್ಲರೂ ಸಂಭ್ರಮಿಸುತ್ತಿದ್ದಾಗ ನಾನೊಬ್ಬ ತಲೆ ತಗ್ಗಿಸಿದ್ದೆ.

ಅಂದು ಸಂಜೆಯೇ ಆ ಹುಡುಗನನ್ನು ಕರೆದು, ಗಣಿತದ ಪಾಠವನ್ನು ಮೊದಲಿನಿಂದ ಆರಂಭಿಸಿದೆ. ಮಾರ್ಚ್ ತನಕ ತಪ್ಪದೆ ಬಂದ, ಒಮ್ಮೆಯೂ ನಗಲಿಲ್ಲ. ತೇರ್ಗಡೆಯಾದ ಸುದ್ದಿ ನನಗೆ ತಿಳಿದದ್ದು ಬೇರೆಯವರಿಂದ.

ಮಗೂ, ಇದನ್ನು ನೀನು ಓದುತ್ತಿದ್ದರೆ ಒಂದು ಮಾತು. ಪಾಠ ಹೇಳಿದೆನೇ ಹೊರತು ಕ್ಷಮೆ ಕೇಳಲಿಲ್ಲ. ಎಲ್ಲರೆದುರು ಆಡಿದ ಮಾತಿಗೆ ಈಗ ಎಲ್ಲರೆದುರೇ ಕೇಳುತ್ತಿದ್ದೇನೆ.