ಏಳನ್ನು ಹನ್ನೊಂದರೊಳಗೆ ಕೂರಿಸಿದ್ದು

1 ಅಕ್ಟೋಬರ್ 2025, ಬುಧವಾರ
ದಟ್ಟಗಳ್ಳಿ, ಮೈಸೂರು

ಆಯುಧಪೂಜೆ. ಸ್ಕೂಟರು, ಲೇಸರ್ ಪ್ರಿಂಟರು, ಕಾಗದ ಕತ್ತರಿಸುವ ಚಾಕು, ಹಳೆಯ ಕಂಪ್ಯೂಟರು, ಮೊನ್ನೆ ತಂದ ಲ್ಯಾಪ್‌ಟಾಪು, ಎಲ್ಲಕ್ಕೂ ಕುಂಕುಮ, ಸೇವಂತಿಗೆ. ನೇತಾಜಿ ವೃತ್ತದಿಂದ ನಮ್ಮ ಕ್ರಾಸಿನವರೆಗೆ ರಸ್ತೆಯುದ್ದಕ್ಕೂ ಒಡೆದ ಬೂದುಗುಂಬಳ. ಗಾಡಿಯವರು ಜಾರಿಬೀಳದಿದ್ದರೆ ಅದು ಚಾಮುಂಡಿಯ ಕೃಪೆ.

ಹಳೆಯ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಟಕ್ ಟಕ್ ಎನ್ನುತ್ತಿದೆ. ಆ ಸದ್ದಿನ ಅರ್ಥ ಡಿಟಿಪಿಯವರಿಗೆಲ್ಲ ಗೊತ್ತು. ಮಂಗಳಾರತಿಯ ತಟ್ಟೆ ಕೆಳಗಿಟ್ಟವಳೇ ಅದರಲ್ಲಿದ್ದುದನ್ನೆಲ್ಲ ಹೊರಗಿನ ಡಿಸ್ಕಿಗೆ ಇಳಿಸಲು ಕೂತೆ. ಪುಸ್ತಕಗಳು, ಸ್ಮರಣ ಸಂಚಿಕೆಗಳು, ಪಿಎಚ್‌ಡಿ ಪ್ರಬಂಧಗಳು, ಲೆಕ್ಕವಿಲ್ಲದಷ್ಟು ಲಗ್ನಪತ್ರಿಕೆಗಳು. ಲಗ್ನಪತ್ರಿಕೆಗಳನ್ನು ಬಿಟ್ಟರೂ ಆಗುತ್ತಿತ್ತು, ಯಾರೂ ಎರಡನೇ ಮುದ್ರಣಕ್ಕೆ ಬರುವುದಿಲ್ಲ.

ಸಂಜೆ ಮೇಷ್ಟ್ರ ಫೋನು. “ಏನಮ್ಮ, 2006ರಲ್ಲಿ ನೀನೇ ಮಾಡಿಕೊಟ್ಟಿದ್ದೆಯಲ್ಲ, ಆ ಪುಸ್ತಕ ಮತ್ತೆ ಅಚ್ಚಿಗೆ ಹೋಗ್ತಾ ಇದೆ. ಮ್ಯಾಟರ್ ಇದೆ ತಾನೆ?” ಇದೆ ಎಂದೆ. ಇದೆ, ನಿಜ. ತೆರೆಯುವ ಮಾತು ಬೇರೆ.

4 ಅಕ್ಟೋಬರ್, ಶನಿವಾರ

ಹೊಸ ಲ್ಯಾಪ್‌ಟಾಪು: ಇಂಟೆಲ್ 13ನೇ ತಲೆಮಾರು, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 11. ಗುಂಡಿ ಒತ್ತಿ ಕೈ ತೆಗೆಯುವುದರೊಳಗೆ ಪರದೆ ಬೆಳಗಿರುತ್ತದೆ. ಪೇಜ್‌ಮೇಕರ್ 7 ಇದರಲ್ಲೂ ತೆರೆಯಿತು. ಆಹಾ ಎಂದುಕೊಂಡು ಪಿಡಿಎಫ್ ಮಾಡಲು ಹೋದೆ, ಅಲ್ಲಿ ನಿಂತಿತು. ಪೇಜ್‌ಮೇಕರಿನ ಕಾಲದ ಡಿಸ್ಟಿಲರ್ ಒಂದು ಪ್ರಿಂಟರಿನ ವೇಷ ಹಾಕಿಕೊಂಡು ಕೆಲಸ ಮಾಡುವಂಥದು. ಅದರ ಡ್ರೈವರು 32 ಬಿಟ್ಟಿನದು. ನನ್ನ ಲೇಸರ್ ಪ್ರಿಂಟರಿನ ಕಥೆಯೂ ಅದೇ. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. 64 ಬಿಟ್ ವಿಂಡೋಸು 32 ಬಿಟ್ಟಿನ ಪ್ರೋಗ್ರಾಮುಗಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಡ್ರೈವರುಗಳನ್ನು ಬಿಟ್ಟುಕೊಳ್ಳುವುದಿಲ್ಲ.

ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಆಮೇಲೆ ಅಡೋಬಿಯವರು ಅದನ್ನು ಬೆಳೆಸಲಿಲ್ಲ. ಇನ್‌ಡಿಸೈನ್ ಅಷ್ಟರಲ್ಲಾಗಲೇ ಹುಟ್ಟಿ ಎರಡು ವರ್ಷವಾಗಿತ್ತು. ಆದರೂ ಮೈಸೂರಿನಲ್ಲಿ ಪೇಜ್‌ಮೇಕರಿನಲ್ಲೇ ಪುಟ ಕಟ್ಟುವವರು ನಾನೊಬ್ಬಳೇ ಅಲ್ಲ.

ಆ 32 ಬಿಟ್ಟಿನ ಡ್ರೈವರುಗಳಿಗಾಗಿ ಲ್ಯಾಪ್‌ಟಾಪಿನಲ್ಲೇ ವಿಂಡೋಸ್ 7 ಹಾಕಿಬಿಡುವುದು ಎಂದು ತೀರ್ಮಾನಿಸಿದೆ. ಅಂದು ದುಡ್ಡು ಕೊಟ್ಟು ಕೊಂಡ ಡಿವಿಡಿ, ಕೀ ಎರಡೂ ಬೀರುವಿನಲ್ಲಿವೆ. ತಂಗಿಯ ಮಗ ನಾಳೆ ಬರುತ್ತಾನಂತೆ.

5 ಅಕ್ಟೋಬರ್, ಭಾನುವಾರ

ಹುಡುಗ ಬಂದವನೇ ಮೊದಲು ಮಾಡಿಸಿದ್ದು ಒಂದೇ ಕೆಲಸ: ಬಿಟ್‌ಲಾಕರಿನ 48 ಅಂಕಿಯ ಕೀಲಿಯನ್ನು ನನ್ನ ಕೈಯಲ್ಲೇ ಕಾಗದದ ಮೇಲೆ ಬರೆಸಿದ. “ದೊಡ್ಡಮ್ಮ, ಇದಿಲ್ಲದೆ ಒಳಗಿನ ಸೆಟ್ಟಿಂಗ್ ಮುಟ್ಟಿದರೆ ನಿಮ್ಮ ಡಿಸ್ಕು ನಿಮಗೇ ಬಾಗಿಲು ತೆಗೆಯಲ್ಲ.” ನಂತರ ಲ್ಯಾಪ್‌ಟಾಪಿನ ತಳ ಬಿಚ್ಚಿದ. ಎಸ್‌ಎಸ್‌ಡಿ ಎಂದರೆ ಇಷ್ಟೇನಾ! 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಅದನ್ನು ತೆಗೆದು ಡಬ್ಬಿಯಲ್ಲಿಟ್ಟು, ತನ್ನ ಹತ್ತಿರವಿದ್ದ ಖಾಲಿ ಎಸ್‌ಎಸ್‌ಡಿ ಒಂದನ್ನು ಹಾಕಿದ. ಕೆಟ್ಟರೆ ಅದು ಕೆಡಲಿ.

ಆಮೇಲೆ ಪಾಠ. ವಿಂಡೋಸ್ 7 ಮಾರುಕಟ್ಟೆಗೆ ಬಂದದ್ದು 22 ಅಕ್ಟೋಬರ್ 2009ರಂದು. ಈ ಎಸ್‌ಎಸ್‌ಡಿ ಮಾತಾಡುವುದು ಎನ್‌ವಿಎಂಇ ಎಂಬ ಪದ್ಧತಿಯಲ್ಲಿ. ಅದರ ಮೊದಲ ನಿಯಮಾವಳಿ ಹೊರಬಿದ್ದದ್ದು 2011ರಲ್ಲಿ. ತಾನು ಹುಟ್ಟಿದ ಮೇಲೆ ಬಂದ ಸಂಗತಿ ಏಳಕ್ಕೆ ಗೊತ್ತಿರುವುದು ಹೇಗೆ? ಡಿವಿಡಿಯಲ್ಲಿರುವ ಏಳನ್ನು ಹಾಗೆಯೇ ಓಡಿಸಿದರೆ ಡಿಸ್ಕೇ ಇಲ್ಲ ಎನ್ನುತ್ತದೆ. ಮೈಕ್ರೋಸಾಫ್ಟಿನವರು ಮುಂದೆ ಅದಕ್ಕಾಗಿ ಒಂದು ತೇಪೆ ಬಿಟ್ಟರು, ಅದರ ಸಂಖ್ಯೆ 2990941. ಯುಎಸ್‌ಬಿ 3ರದ್ದೂ ಇದೇ ಪಾಡು. ಸಿಡಿ ಡ್ರೈವಿನ ಡ್ರೈವರ್ ಇಲ್ಲ ಎಂಬ ದೂರು ಪರದೆಯ ಮೇಲೆ ಬರುತ್ತದೆ. ನಿಜವಾಗಿ ಅದಕ್ಕೆ ಕಾಣಿಸದಿರುವುದು ಪೆನ್‌ಡ್ರೈವು. ಸಿಡಿಯೇ ಇಲ್ಲದ ಯಂತ್ರದಲ್ಲಿ ಸಿಡಿಯ ಮಾತು ಓದಿ ಎಷ್ಟು ಜನ ತಲೆ ಕೆರೆದುಕೊಂಡಿದ್ದಾರೋ. ಹುಡುಗ ಇವೆರಡನ್ನೂ ಮೊದಲೇ ಸೇರಿಸಿ ಪೆನ್‌ಡ್ರೈವ್ ಸಿದ್ಧ ಮಾಡಿಕೊಂಡು ಬಂದಿದ್ದ.

ಸೆಕ್ಯೂರ್ ಬೂಟ್ ಆಫ್ ಮಾಡಿದ. ಏಳಕ್ಕೆ ಆ ಕಾವಲಿನ ಪರಿಚಯವೂ ಇಲ್ಲ. ವಿಎಂಡಿ ಎಂಬುದನ್ನೂ ಆಫ್ ಮಾಡಿದ; ಅದು ಆನ್ ಇದ್ದರೆ ಹೊಸ ವಿಂಡೋಸುಗಳೇ ಎಷ್ಟೋ ಸಲ ಡಿಸ್ಕು ಕಾಣದೆ ಮುಗ್ಗರಿಸುತ್ತವಂತೆ. 32 ಬಿಟ್ಟಿನ ಏಳನ್ನು ಯಂತ್ರ ಪಟ್ಟಿಯಲ್ಲೇ ತೋರಿಸಲಿಲ್ಲ. ಅದಕ್ಕೆ ಹಳೇ ಬಯಾಸ್ ಬೇಕು, ಯುಇಎಫ್‌ಐ ಮೂಲಕ ಏಳುವುದು 64 ಬಿಟ್ಟಿನದು ಮಾತ್ರ. ಸರಿ, 64ನ್ನೇ ಹಾಕು ಎಂದೆ, ಯಂತ್ರದ ಛಲ ನೋಡೋಣ ಅಂತ. ಫೈಲುಗಳು ಓಡಿದವು, ‘ಸ್ಟಾರ್ಟಿಂಗ್ ವಿಂಡೋಸ್’ ಎಂದು ಬಂತು, ಅಲ್ಲಿಗೆ ಕಲ್ಲಾಯಿತು. ಕಾಫಿ ಕುಡಿದು ಬಂದೆವು. ಹಾಗೇ ಇತ್ತು.

ಕಾರಣ ಕೇಳಿದೆ. ಏಳು ಎದ್ದೇಳುವಾಗ ಪರದೆಗೆ ಚಿತ್ರ ಮೂಡಿಸಲು ಹಳೆಯ ಬಯಾಸಿನ ಒಂದು ಸೇವೆಯನ್ನು ಕರೆಯುತ್ತದಂತೆ. ಹೊಸ ಯಂತ್ರಗಳು ಬಹುಕಾಲ ಆ ಬಯಾಸಿನಂತೆ ನಟಿಸುತ್ತಿದ್ದವು. ಆ ನಟನೆಗೆ ಸಿಎಸ್‌ಎಂ ಎಂದು ಹೆಸರು. 2020ರ ಹೊತ್ತಿಗೆ ಅದನ್ನು ನಿಲ್ಲಿಸುತ್ತೇವೆ ಎಂದು ಇಂಟೆಲ್ 2017ರಲ್ಲೇ ಹೇಳಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಇಲ್ಲ. ಏಳು ಕೂಗುತ್ತದೆ, ಓಗೊಡುವವರಿಲ್ಲ.

“ಇದನ್ನೂ ದಾಟಿಸೋ ಉಪಾಯಗಳಿವೆ. ಆದರೆ ದಾಟಿದ ಮೇಲೆ ಗ್ರಾಫಿಕ್ಸಿಗೆ, ವೈಫೈಗೆ ಡ್ರೈವರ್ ಎಲ್ಲಿಂದ ತರೋದು? ಅಷ್ಟಾಗಿ ನಿಮಗೆ ಬೇಕಾದ್ದು 32 ಬಿಟ್ಟಿನದು. ಬಿಡಿ ದೊಡ್ಡಮ್ಮ.”

ಮೂಲ ಎಸ್‌ಎಸ್‌ಡಿ ಮತ್ತೆ ತನ್ನ ಜಾಗಕ್ಕೆ ಹೋಯಿತು. ಕೀಲಿಯನ್ನು ಕೇಳಿಯೇ ಕೇಳಿತು. ನಲವತ್ತೆಂಟು ಅಂಕಿಯನ್ನೂ ಒತ್ತಿದೆ.

8 ಅಕ್ಟೋಬರ್, ಬುಧವಾರ

ಕುವೆಂಪುನಗರದ ಅಂಗಡಿಯವರನ್ನು ವಿಚಾರಿಸಿದೆ. “ಸೆಕೆಂಡ್‌ಹ್ಯಾಂಡಲ್ಲಿ ಆರನೇ ಜನರೇಷನ್ ಒಂದು ತಗೊಳ್ಳಿ ಮೇಡಂ, ಏಳು ಕಣ್ಣು ಮುಚ್ಚಿ ಕೂರುತ್ತೆ.” ಅವರ ಮಾತು ತಾಂತ್ರಿಕವಾಗಿ ಸರಿ. ಆದರೆ ಒಂದು ಮುದಿ ಯಂತ್ರದಿಂದ ತಪ್ಪಿಸಿಕೊಳ್ಳಲು ಇನ್ನೊಂದು ಮುದಿ ಯಂತ್ರ ತರುವುದು ಯಾವ ಜಾಣತನ? ಬೇಡ ಎಂದು ಬಂದೆ.

11 ಅಕ್ಟೋಬರ್, ಶನಿವಾರ

ಕೆಲಸ ಆಯಿತು. ಇಷ್ಟು ಸುಲಭವೆಂದು ನಂಬಲಾಗುತ್ತಿಲ್ಲ.

ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ. ಅದು ಹನ್ನೊಂದರೊಳಗೆ ಇಲ್ಲದ ಕಂಪ್ಯೂಟರೊಂದನ್ನು ಸೃಷ್ಟಿಸುತ್ತದೆ. ಆ ಸುಳ್ಳು ಕಂಪ್ಯೂಟರಿಗೆ 2 ಜಿಬಿ ರ‍್ಯಾಮ್, 40 ಜಿಬಿ ಡಿಸ್ಕು ಕೊಟ್ಟೆವು. ಡಿಸ್ಕು ಎಂದರೆ ಎಸ್‌ಎಸ್‌ಡಿಯ ಮೇಲಿರುವ ಒಂದೇ ಒಂದು ದೊಡ್ಡ ಫೈಲು. ಒಳಗಿರುವ ಏಳಕ್ಕೆ ಅದು ತನಗೆ ಪರಿಚಯದ ಸಾಟಾ ಹಾರ್ಡ್‌ಡಿಸ್ಕ್ ಎಂದೇ ಕಾಣುತ್ತದೆ. ಬಯಾಸೂ ಹಳೆಯದೇ. ವರ್ಚುವಲ್‌ಬಾಕ್ಸ್ ತನ್ನನ್ನು ಪರಿಚಯಿಸಿಕೊಳ್ಳುವುದು ಪಿಐಐಎಕ್ಸ್3 ಎಂಬ ಇಂಟೆಲ್ ಚಿಪ್ಪಿನ ಹೆಸರಿನಲ್ಲಿ. ಅದು ತೊಂಬತ್ತರ ದಶಕದ್ದು. ಹೊಸ ಮನೆ ಕಟ್ಟಿಸಿದವರು ಅಜ್ಜನ ಕಾಲದ ದೇವರಮನೆಯನ್ನು ಬಾಗಿಲುವಾಡದ ಸಮೇತ ಒಳಗೆ ಕೂರಿಸಿಕೊಂಡ ಹಾಗೆ ಆಯಿತು. ಎನ್‌ವಿಎಂಇ ತೇಪೆ, ಸಿಎಸ್‌ಎಂ, ಸೆಕ್ಯೂರ್ ಬೂಟು, ಯಾವುದರ ತಂಟೆಯೂ ಇಲ್ಲ. ತಳ ಬಿಚ್ಚುವ ಸ್ಕ್ರೂಡ್ರೈವರೂ ಬೇಡ.

ಪೇಜ್‌ಮೇಕರ್, ಡಿಸ್ಟಿಲರ್, ಕನ್ನಡ ಟೈಪಿಸುವ ಹಳೆಯ ‘ನುಡಿ’ ತಂತ್ರಾಂಶ, ಮೂರೂ ಕೂತವು. ಮೇಷ್ಟ್ರ ಫೈಲು ತೆರೆದೆ. ಮೊದಲು ‘ಪ್ಯಾನೋಸ್’ ಎಂಬ ಪಟ್ಟಿ ಬಂತು, ಫಾಂಟು ಸಿಗದಿದ್ದಾಗ ಪೇಜ್‌ಮೇಕರ್ ತೋರಿಸುವಂಥದು. ಒಂದು ಫಾಂಟು ಬಿಟ್ಟುಹೋಗಿತ್ತು, ಹಾಕಿದೆ. ಡೆಮಿ ಒನ್ ಬೈ ಎಯ್ಟ್ ಪುಟಗಳು, ಸಾಲುಗಳು, ಅಡಿಟಿಪ್ಪಣಿಗಳು 2006ರಲ್ಲಿ ಎಲ್ಲಿ ಕೂರಿಸಿದ್ದೆನೋ ಅಲ್ಲೇ. ಹಳೆಯ ಯಂತ್ರದಲ್ಲಿ ತೆರೆಯುತ್ತಿದ್ದುದಕ್ಕಿಂತ ಬೇಗ ತೆರೆಯಿತು.

ಒಳಗಿನ ಏಳಕ್ಕೆ ಇಂಟರ್ನೆಟ್ ಕೊಟ್ಟಿಲ್ಲ. ನೆಟ್‌ವರ್ಕ್ ಕಾರ್ಡನ್ನೇ ತೆಗೆದಿಟ್ಟೆವು. ಅದಕ್ಕೆ ಭದ್ರತೆಯ ಅಪ್‌ಡೇಟುಗಳು ಉಚಿತವಾಗಿ ಬರುತ್ತಿದ್ದದ್ದು 14 ಜನವರಿ 2020ರವರೆಗೆ ಮಾತ್ರ. ಹೊರಗಿನೊಂದಿಗೆ ಅದಕ್ಕಿರುವ ವ್ಯವಹಾರ ಒಂದು ಹಂಚಿಕೆಯ ಫೋಲ್ಡರ್ ಮೂಲಕ, ಅಷ್ಟೇ.

14 ಅಕ್ಟೋಬರ್, ಮಂಗಳವಾರ

ಇವತ್ತಿಗೆ ವಿಂಡೋಸ್ 10ರ ಉಚಿತ ಬೆಂಬಲವೂ ಮುಗಿಯಿತು. ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ ಭದ್ರತೆಯ ತೇಪೆಗಳು ಸಿಗುತ್ತವೆ. ನಮ್ಮ ಬೀದಿಯ ಕೊನೆಯ ಸೈಬರ್ ಸೆಂಟರಿನಲ್ಲಿರುವುದೆಲ್ಲ ಹತ್ತೇ. ಅವರಿಗೆ ಹೇಳಿದೆ. “ಓಡುತ್ತಲ್ಲಕ್ಕ” ಅಂದರು.

ಓಡುತ್ತದೆ, ಅದೇ ತೊಂದರೆ. ನನ್ನ ಕಥೆಯೂ ಅದೇ. ಮೇಷ್ಟ್ರ ಪುಸ್ತಕದ ಒಂದು ಪುಟವನ್ನು ಏಳರಿಂದ ಎತ್ತಿ ಹನ್ನೊಂದರ ನೋಟ್‌ಪ್ಯಾಡಿಗೆ ಹಾಕಿ ನೋಡಿದೆ. ‘ಕನ್ನಡ’ ಎಂಬ ಮಾತಿನ ಕ ಇರಬೇಕಾದಲ್ಲಿ ಇಂಗ್ಲಿಷಿನ ದೊಡ್ಡ ಪಿ, ನ ಇರಬೇಕಾದಲ್ಲಿ ಪೌಂಡು ಹಣದ ಗುರುತು, ಡ ಇರಬೇಕಾದಲ್ಲಿ ಸಣ್ಣ ಕ್ಯೂ. ತಲೆಕಟ್ಟು ಬರುವಲ್ಲೆಲ್ಲ ನೆತ್ತಿಯ ಮೇಲೆ ಓರೆಗೀಟು ಹೊತ್ತ ಎ. ಕಡತದಲ್ಲಿ ಕನ್ನಡ ಯಾವತ್ತೂ ಇರಲೇ ಇಲ್ಲ. ಇದ್ದದ್ದು ಫಾಂಟಿನಲ್ಲಿ. ಇಷ್ಟು ವರ್ಷ ನಾನು ಜೋಪಾನ ಮಾಡಿದ್ದು ಪೇಜ್‌ಮೇಕರನ್ನು, ಏಳನ್ನು, ಜೋಪಾನವಾಗಬೇಕಿದ್ದದ್ದು ಅಕ್ಷರ.

ಯುನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟನ್ನು ಹೊತ್ತುಕೊಂಡೇ ಬಂತು. ಆದರೆ ಪುಟ ಕಟ್ಟುವ ತಂತ್ರಾಂಶಗಳಲ್ಲಿ ಒತ್ತಕ್ಷರ ಚೆಲ್ಲಾಪಿಲ್ಲಿಯಾಗುತ್ತಿತ್ತು, ಅದು ನಿಜವಾದ ಅಡ್ಡಿ. 2012ರ ಇನ್‌ಡಿಸೈನ್ ಸಿಎಸ್6ರಲ್ಲಿ ಆ ಅಡ್ಡಿ ಹೋಯಿತು. ಉಚಿತದ ಸ್ಕ್ರೈಬಸ್‌ನಲ್ಲೂ ಈಗ ಕನ್ನಡ ಸರಿಯಾಗಿ ಕೂರುತ್ತದೆ. ಬೆರಳಿಗೂ ಹೊಸದನ್ನು ಕಲಿಸಬೇಕಾಗಿಲ್ಲ: ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಅದೇ ಕೀಲಿಮಣೆ ನುಡಿಯಲ್ಲಿ ಯುನಿಕೋಡಿಗೂ ಇದೆ. ಹದಿಮೂರು ವರ್ಷದ ಕೆಳಗೆ ಹೋದ ಅಡ್ಡಿಯನ್ನು ನಾವು ಡಿಟಿಪಿಯವರು ಇವತ್ತಿಗೂ ಕಾರಣವಾಗಿ ಹೇಳುತ್ತಿದ್ದೇವೆ.

20 ಅಕ್ಟೋಬರ್, ಸೋಮವಾರ

ನರಕ ಚತುರ್ದಶಿ. ಎಣ್ಣೆಸ್ನಾನ, ಊಟ, ನಿದ್ದೆ. ಕಂಪ್ಯೂಟರ್ ಮುಟ್ಟಲಿಲ್ಲ.

26 ಅಕ್ಟೋಬರ್, ಭಾನುವಾರ

ಮೇಷ್ಟ್ರ ಪುಸ್ತಕವನ್ನು ಪರಿವರ್ತಕದಲ್ಲಿ ಹಾಕಿ ಯುನಿಕೋಡಿಗೆ ತಂದೆ. ಹೆಚ್ಚಿನದೆಲ್ಲ ಚೆನ್ನಾಗಿ ಬಂತು. ತಪ್ಪುಗಳು ಗುಂಪುಗುಂಪಾಗಿ ಇದ್ದವು, ಹಾಗಾಗಿ ಹುಡುಕುವುದು ಕಷ್ಟವಾಗಲಿಲ್ಲ. ಹಳೆಯ ಸಂಕೇತದಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ಆ ರಕಾರ ಮುಂದೆ ಬರಬೇಕು. ಕೆಲವು ಕಡೆ ಅದು ಪಕ್ಕದ ಅಕ್ಷರಕ್ಕೆ ಹೋಗಿ ಅಂಟಿತ್ತು. ಗ್ರಂಥಋಣದ ಇಂಗ್ಲಿಷ್ ಹೆಸರುಗಳೆಲ್ಲ ಅರ್ಥವಿಲ್ಲದ ಕನ್ನಡವಾಗಿದ್ದವು, ಅವನ್ನು ಕೈಯಿಂದಲೇ ಹೊಡೆದೆ. ರಾಜ್‌ಕುಮಾರ್ ಎಂದಿದ್ದಲ್ಲೆಲ್ಲ ರಾಜ್ಕುಮಾರ್ ಆಗಿತ್ತು. ಮೈಸೂರಿನಲ್ಲಿ ಅದನ್ನು ಹಾಗೇ ಅಚ್ಚಿಗೆ ಕಳಿಸಿದರೆ ಪ್ರೆಸ್ಸಿನವರೇ ಫೋನ್ ಮಾಡುತ್ತಾರೆ.

ಪ್ರೂಫು ಕೊಡಲು ಹೋದಾಗ ಯುನಿಕೋಡ್ ಪಠ್ಯವಿದ್ದ ಪೆನ್‌ಡ್ರೈವನ್ನೂ ಕೊಟ್ಟೆ. ಮೇಷ್ಟ್ರು ಪುಸ್ತಕದೊಳಗಿನ ಒಂದು ಹೆಸರನ್ನು ಹುಡುಕಿಸಿದರು, ತಟ್ಟನೆ ಸಿಕ್ಕಿತು. “ಇದನ್ನ ಹತ್ತೊಂಬತ್ತು ವರ್ಷದ ಹಿಂದೆ ಯಾಕಮ್ಮ ಕೊಡಲಿಲ್ಲ?” ಎಂದರು. ನೀವು ಕೇಳಲಿಲ್ಲ ಮೇಷ್ಟ್ರೇ ಎಂದೆ.

ಬಿಲ್‌ಪುಸ್ತಕ ಮುಗಿಯುತ್ತ ಬಂದಿದೆ. ಹೊಸದರ ಅಡಿಯಲ್ಲಿ ಈ ಸಾಲು ಹಾಕಿಸಬೇಕು: ಪಿಡಿಎಫ್ ಜೊತೆಗೆ ನಿಮ್ಮ ಪುಸ್ತಕದ ಪೂರ್ತಿ ಪಠ್ಯವನ್ನು ಯುನಿಕೋಡಿನಲ್ಲಿ ಕೇಳಿ ಪಡೆಯಿರಿ, ಅದಕ್ಕೆ ಬೇರೆ ಶುಲ್ಕವಿಲ್ಲ.