ಹಿತ್ತಾಳೆ ಕೊಟ್ಟು ಕೋಲು ತಂದದ್ದು

ಬೇಗಂ ಬಜಾರಿಗೆ ಹೋದವರು ಬರಿಗೈಯಲ್ಲಿ ಹಿಂದಿರುಗಿದ್ದುಂಟೆ? ನಾವಂತೂ ಹಿಂದಿರುಗಿಲ್ಲ. ಎರಡನೆಯ ಆಸಫ್ ಜಾ ನಿಜಾಮ್ ಅಲಿಖಾನರ ಪತ್ನಿ ಹಮ್ದಾ ಬೇಗಂ ಆ ನೆಲವನ್ನು ವರ್ತಕರಿಗೆ ದಾನವಾಗಿ ಕೊಟ್ಟರೆಂದು ಹೇಳುತ್ತಾರೆ. ಅಂದಿನಿಂದ ಹೈದರಾಬಾದಿನ ಗೃಹಸ್ಥರ ಜೇಬನ್ನು ಹಗುರ ಮಾಡುವ ಪುಣ್ಯಕಾರ್ಯ ಅಲ್ಲಿ ಅವ್ಯಾಹತವಾಗಿ ನಡೆದುಬಂದಿದೆ. ಒಂದು ಸಾಲಿನಲ್ಲಿ ಬಾದಾಮಿ, ಅಂಜೂರ, ಅಕ್ರೋಟು. ಇನ್ನೊಂದು ಸಾಲಿನಲ್ಲಿ ತಾಮ್ರ, ಹಿತ್ತಾಳೆ, ಸ್ಟೀಲಿನ ಪಾತ್ರೆಗಳು. ಈ ಎರಡೂ ಸಾಲಿಗೆ ನಂಟುಳ್ಳ ಒಂದು ಕೋಲಿನ ಕಥೆಯನ್ನು ವಾಚಕರಿಗೆ ಹೇಳಬೇಕಾಗಿದೆ.

1974ರ ಮಾತು. ದೀಪಾವಳಿಗೆ ಇನ್ನೊಂದು ವಾರವಿತ್ತು. ನಾವು ಕಲಬುರ್ಗಿಯ ಕಡೆಯ ಹಳ್ಳಿಯಿಂದ ನೌಕರಿಗೆಂದು ಬಂದು, ನೃಪತುಂಗ ಶಾಲೆ ಹತ್ತಿರವೆಂದು ಕಾಚಿಗುಡದಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದೆವು. ಊರಿನ ಮನೆ ಬಾಗಿಲು ಹಾಕಿದ ಮೇಲೆ ನಮ್ಮ ತಾಯಿಯವರೂ ಬಂದರು. ಅವರೊಂದಿಗೆ ಒಂದು ಹಂಡೆ, ಒಂದು ಕೊಳಗ, ಎರಡು ತಂಬಿಗೆ, ಎಲ್ಲವೂ ಹಿತ್ತಾಳೆಯವು, ಬಂದವು. ಹಂಡೆ ಒಳಗೆ ಬಂದರೆ ನಾವು ಹೊರಗೆ ನಿಲ್ಲಬೇಕು, ಅಂಥ ಮನೆ. ಅದೂ ಅಲ್ಲದೆ ಕಾಲಕಾಲಕ್ಕೆ ಕಲಾಯಿ, ದಿನವೂ ಹುಣಸೆಹಣ್ಣಿನ ಉಜ್ಜಾಟ. ಅಕ್ಕಪಕ್ಕದವರ ಮನೆಗಳಲ್ಲೆಲ್ಲ ಸ್ಟೀಲು ಪಳಪಳ ಹೊಳೆಯುತ್ತಿತ್ತು. ಕೊಟ್ಟು ಸ್ಟೀಲು ತರೋಣವೆಂದು ನಮ್ಮಾಕೆ ಅಂದಳು. ನಾವು ತಾಯಿಯವರನ್ನು ಕೇಳಿದೆವು.

“ನಿಮ್ಮ ಮನಿ. ನಿಮಗ ಹ್ಯಾಂಗ ಅನುಕೂಲ ಆಗ್ತದ ಹಂಗ ಮಾಡ್ರಿ” ಎಂದರು. ಅದನ್ನು ನಾವು ಒಪ್ಪಿಗೆಯೆಂದು ತಿಳಿದೆವು.

ಅಂಗಡಿಯಾತ ನಮ್ಮ ಸಾಮಾನನ್ನು ತೂಗಿ ರಾಶಿಗೆ ಎಸೆದ. ಆಗ ಅದೇ ರಾಶಿಯಲ್ಲಿ ನಮ್ಮ ಕಣ್ಣಿಗೆ ಒಂದು ಕೋಲು ಬಿತ್ತು. ಉದ್ದ ಎದೆಮಟ್ಟಕ್ಕಿಂತ ಕೊಂಚ ಕಡಿಮೆ. ತುದಿಯಲ್ಲಿ ಅಂಗೈಯಷ್ಟು ಮರದ ತಲೆ, ತಲೆಯ ಅಡಿಗೆ ತಿರುಪು ಹಾಕಿ ಕೂರಿಸಿದ ಹಿತ್ತಾಳೆಯ ತಗಡು. ಆಳು ಹುಡುಗ ಆ ತಗಡನ್ನು ಕಿತ್ತು ಮರವನ್ನು ಒಲೆಗೆ ಹಾಕುವ ಹವಣಿಕೆಯಲ್ಲಿದ್ದ. ಏಕೋ ನಮಗೆ ಕನಿಕರ ಬಂತು. ಮೂರು ರೂಪಾಯಿ ಕೊಟ್ಟು ಬಿಡಿಸಿಕೊಂಡೆವು.

“ಹಂಡೆ ಕೊಟ್ಟು ಕೋಲು ತಂದ್ರಲ್ಲ, ಜಾಣರು!” ಎಂದಳು ನಮ್ಮಾಕೆ. ಆರು ವರ್ಷದ ಮಗ ಮಾತ್ರ ಚಿಣಿಪಣಿ ಆಡಲು ಸಿಕ್ಕಿತೆಂದು ಕುಣಿದಾಡಿದ.

ಅದೇನೆಂದು ತಿಳಿಸಿದವರು ಪಕ್ಕದ ಮನೆಯ ಹಿರಿಯರು. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು, ಹುಟ್ಟೂರು ಬೆಂಗಳೂರು. ನಮ್ಮ ಹುಡುಗ ಅವರನ್ನು ‘ಬೆಂಗಳೂರು ಮಾವ’ ಎಂದೇ ಕರೆಯುತ್ತಿದ್ದ. ಚಿಕ್ಕವರಿದ್ದಾಗ ಬೆಂಗಳೂರಿನ ಒಂದು ಗಾಲ್ಫ್ ಮೈದಾನದಲ್ಲಿ ಆಟಗಾರರ ಚೀಲ ಹೊರುವ ಕೆಲಸ ಮಾಡಿದ್ದರಂತೆ. ಅದುವರೆಗೆ ಅವರು ಆ ಸಂಗತಿಯನ್ನು ಎತ್ತಿರಲೇ ಇಲ್ಲ. ಕೋಲನ್ನು ಎರಡೂ ಕೈಯಲ್ಲಿ ಹಿಡಿದರು. ಹಿಡಿಗೆ ಸುತ್ತಿದ್ದ ತೊಗಲಿನ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಎಳೆದರು. ಸ್ವಲ್ಪ ಹೊತ್ತು ಮಾತಿಲ್ಲ.

“ಬ್ರಾಸಿ, ಸ್ವಾಮಿ, ಇದು. ಬ್ರಾಸ್ ಅಂದ್ರೆ ಹಿತ್ತಾಳೆ. ಅಡಿಗೆ ಹಿತ್ತಾಳೆ ಇರೋದರಿಂದ ಆ ಹೆಸರು. ಗಟ್ಟಿ ನೆಲದ ಮೇಲೆ ಬಿದ್ದ ಚೆಂಡನ್ನು ಹೊಡೆದಾಗ ಮರ ಸವೆಯಬಾರದಲ್ಲ, ಅದಕ್ಕೆ ಈ ತಗಡು.”

ಈಗಿನ ಕೋಲುಗಳಿಗೆ ಅಂಕಿಯುಂಟು. ಆಗ ಒಂದೊಂದಕ್ಕೂ ಒಂದೊಂದು ಹೆಸರಿತ್ತು. ದೂರಕ್ಕೆ ಬ್ರಾಸಿ, ಸ್ಪೂನ್. ನಡುವಿನ ಹೊಡೆತಕ್ಕೆ ಮ್ಯಾಶಿ. ಮರಳಿನ ಗುಂಡಿಯಿಂದ ಎತ್ತಲು ನಿಬ್ಲಿಕ್. ಚಿಣಿಪಣಿಗಿಂತ ಇದರ ಪರಿಭಾಷೆ ದೊಡ್ಡದೆಂದು ನಾವು ನಕ್ಕೆವು.

ದಂಡದ ಮರ ಹಿಕರಿ. ಉತ್ತರ ಅಮೆರಿಕದ ಪೂರ್ವಭಾಗದ ಕಾಡಿನದು, ಅಕ್ರೋಟಿನ ದಾಯಾದಿ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಕೋಲುಗಾರರು ತಮ್ಮ ನಾಡಿನ ಮರವನ್ನು ಬಿಟ್ಟು ಇದನ್ನು ಹಿಡಿದರು. ಬಾಗುತ್ತದೆ, ಬೇಗ ಮುರಿಯುವುದಿಲ್ಲ. ಹೀಗಾಗಿ ನಮ್ಮ ಕೋಲಿಗೆ ಬೇಗಂ ಬಜಾರಿನ ಎರಡು ಸಾಲಿನಲ್ಲೂ ಬಳಗವಿತ್ತು: ಪಾತ್ರೆಯ ಸಾಲಿನಲ್ಲಿ ಹಿತ್ತಾಳೆ, ಮೇವೆಯ ಸಾಲಿನಲ್ಲಿ ಅಕ್ರೋಟು! ಆದರೆ ಹಿಕರಿಯ ರಾಜ್ಯಭಾರವೂ ಮುಗಿಯಿತು. ಉಕ್ಕಿನ ದಂಡಕ್ಕೆ ಅಮೆರಿಕದವರು 1924ರಲ್ಲಿ, ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿನ ಹಿರಿಯ ಮಂಡಲಿಯವರು 1929ರಲ್ಲಿ ಒಪ್ಪಿಗೆ ಕೊಟ್ಟರು. ಮರುವರ್ಷ, 1930ರಲ್ಲಿ, ಬಾಬಿ ಜೋನ್ಸ್ ಎಂಬ ಅಮೆರಿಕದ ಆಟಗಾರ ಆ ಕಾಲದ ನಾಲ್ಕು ದೊಡ್ಡ ಪಂದ್ಯಗಳನ್ನೂ ಹಿಕರಿ ಕೋಲುಗಳಿಂದಲೇ ಗೆದ್ದ. ಆದರೂ ಕೆಲವೇ ವರ್ಷಗಳಲ್ಲಿ ಮರದ ದಂಡಗಳು ಅಟ್ಟ ಸೇರಿದವು. ಸ್ಟೀಲು ಬಂದರೆ ಹಳೆಯದು ರಾಶಿಗೆ ಬೀಳುವುದು ನಮ್ಮ ಅಡಿಗೆಮನೆಯ ಸಂಗತಿಯಷ್ಟೇ ಅಲ್ಲವೆಂದು ನಮಗೆ ಆಗ ತಿಳಿಯಿತು.

ಇಷ್ಟರಲ್ಲಿ ನಮ್ಮಾಕೆ ಹುಣಸೆಹಣ್ಣು, ಬೂದಿ ತಂದು ಕೋಲಿನ ತಲೆಯನ್ನು ಉಜ್ಜಲು ಕುಳಿತಿದ್ದಳು. ಬೆಂಗಳೂರು ಮಾವ ಗಾಬರಿಯಾಗಿ ತಡೆದರು.

“ಬೇಡಿ ತಾಯಿ, ಅಷ್ಟು ಉಜ್ಜಬೇಡಿ! ಗುರುತು ಹೋದರೆ ಇದಕ್ಕೆ ಹೆಸರೂ ಇಲ್ಲ, ಊರೂ ಇಲ್ಲ.”

ಮರದ ತಲೆಯ ನೆತ್ತಿಯ ಮೇಲೆ ಯಾವುದೋ ಹೆಸರನ್ನು ಒತ್ತಿದ್ದರು. ಮೂರು ಇಂಗ್ಲಿಷ್ ಅಕ್ಷರಗಳಷ್ಟೇ ಉಳಿದಿದ್ದವು. ಕಬ್ಬಿಣದ ತಲೆಯ ಕೋಲುಗಳಿಗಾದರೆ ಬೆನ್ನಿನಲ್ಲಿ ಗುರುತು ನೋಡಬೇಕು. ಹೊಗೆ ಸೇದುವ ಕೊಳವೆಯ ಚಿತ್ರವಿದ್ದರೆ ಸೇಂಟ್ ಆಂಡ್ರೂಸಿನ ಟಾಮ್ ಸ್ಟೀವರ್ಟನ ಕುಲುಮೆ. ಕೈಯ ಚಿತ್ರ ಲೆವೆನ್ ಊರಿನ ಜಾರ್ಜ್ ನಿಕಾಲನದು. ನಕ್ಷತ್ರ ಕಿಂಗ್‌ಹಾರ್ನಿನ ಗಿಬ್ಸನ್ನನದು. ಕಮ್ಮಾರ ತಲೆ ಬಡಿದು ಕೊಡುತ್ತಿದ್ದ. ದಂಡ ಕೂರಿಸಿ ಮಾರುವವನು ತನ್ನ ಹೆಸರನ್ನೂ ಒತ್ತುತ್ತಿದ್ದ. ಒಂದೇ ಕೋಲಿನ ಮೇಲೆ ಇಬ್ಬರ ಗುರುತು. ಹೊಡೆಯುವ ಮುಖ ನುಣುಪಾಗಿದ್ದರೆ ಸಾಮಾನ್ಯವಾಗಿ ಹಳೆಯದು. ಚುಕ್ಕೆ, ಗೀರುಗಳಿದ್ದರೆ ಈಚಿನದು.

ಇಷ್ಟನ್ನೂ ಬಾಗಿಲ ಮರೆಯಲ್ಲಿ ಕುಳಿತು ಕೇಳುತ್ತಿದ್ದ ನಮ್ಮ ತಾಯಿಯವರು ಮೆಲ್ಲಗೆ ಅಂದರು: “ನಮ್ಮ ಹಂಡೇದ ಕಂಠಕ್ಕೂ ನನ್ನ ಹೆಸರಿತ್ತು.”

ಯಾರೂ ಮಾತಾಡಲಿಲ್ಲ. ನಮ್ಮ ತಾಯಿಗೆ ಓದು ಬರುತ್ತಿರಲಿಲ್ಲ. ನಿಜಾಮರ ಕಾಲದ ನಮ್ಮ ಹಳ್ಳಿಯಲ್ಲಿ ಹುಡುಗಿಯರಿಗೆಲ್ಲಿಯ ಶಾಲೆ? ಮದುವೆಯಲ್ಲಿ ಅವರ ಅಣ್ಣ ಪಾತ್ರೆಗಳನ್ನು ಕೊಡುವಾಗ ಒಂದೊಂದರ ಕಂಠದ ಮೇಲೂ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ತಂಗಿಯ ಹೆಸರನ್ನು ಕನ್ನಡದಲ್ಲಿ ಕೊರೆಸಿದ್ದರು. ಅವರ ಪಾಲಿಗೆ ಗುರುತಿದ್ದ ಅಕ್ಷರಗಳು ಆ ನಾಲ್ಕೇ. ಊರ ಮದುವೆಗಳಿಗೆ ಪಾತ್ರೆ ಎರವಲು ಹೋದಾಗ ನೂರು ಪಾತ್ರೆಗಳ ನಡುವೆ ಬೆರಳಾಡಿಸಿ ತಮ್ಮದನ್ನು ಎತ್ತಿಕೊಂಡು ಬರುತ್ತಿದ್ದುದನ್ನು ನಾವೇ ಬಾಲ್ಯದಲ್ಲಿ ಕಂಡಿದ್ದೆವು. ಕಂಡಿದ್ದೂ ಮರೆತಿದ್ದೆವು. ಓದಿದವರ ಪಾಡು ಇದು.

ಆ ಗಳಿಗೆಯೇ ಬೇಗಂ ಬಜಾರಿಗೆ ಓಡಿದೆವು. ಹಂಡೆ, ಕೊಳಗ ಕರಗಿಸುವವರ ಗಾಡಿ ಹತ್ತಿ ಹೋಗಿದ್ದವು. ಒಂದು ತಂಬಿಗೆಯೂ ಅವುಗಳ ಜೊತೆ ಹೋಗಿತ್ತು. ಇನ್ನೊಂದು ಮಾತ್ರ ಮೂಲೆಯಲ್ಲಿ, ನೆಗ್ಗಿದ ತಟ್ಟೆಗಳ ಕೆಳಗೆ, ಸಿಕ್ಕಿತು. ನಮಗೆ ಕೊಟ್ಟದ್ದರ ಎರಡರಷ್ಟು ಬೆಲೆ ಹೇಳಿದ; ಕೊಟ್ಟೆವು. ವ್ಯಾಪಾರ ವ್ಯಾಪಾರವೇ, ಅವನದೇನೂ ತಪ್ಪಿಲ್ಲ.

ತಾಯಿಯವರು ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಂಠದ ಸುತ್ತ ಹೆಬ್ಬೆರಳಾಡಿಸಿದರು. “ಹೌದು, ಇದು ನಂದ” ಎಂದರು. ಹಂಡೆಯ ಸುದ್ದಿ ಕೇಳಲಿಲ್ಲ. ಕೇಳಿದ್ದರೆ ನಮಗೆ ಕೊಂಚ ಸಮಾಧಾನವಾಗುತ್ತಿತ್ತೇನೋ.

ಇರಲಿ. ಕೋಲಿನ ಆರೈಕೆ ನಡೆಯಿತು. ಒಣಗಿದ ದಂಡಕ್ಕೆ ಬೇಕಾದದ್ದು ಅಗಸೆ ಎಣ್ಣೆ. ಅಗಸಿ ಹಿಂಡಿ ತಿಂದು ಬೆಳೆದ ನಮಗೆ ಅದೇನು ಅಪರೂಪವೆ? ಬಟ್ಟೆಯಲ್ಲಿ ತೆಳ್ಳಗೆ ಸವರಿ, ಹೀರಲು ಬಿಟ್ಟು, ಒರೆಸಿ, ಮರುದಿನ ಮತ್ತೆ ಸವರಿದೆವು. ದಂಡವೂ ತಲೆಯೂ ಕೂಡುವೆಡೆಯ ದಾರ ಬಿಚ್ಚಿತ್ತು. ಚಮ್ಮಾರರಿಂದ ಮೇಣ ತಿಕ್ಕಿದ ದಾರ ತಂದು ಬಿಗಿಯಾಗಿ ಸುತ್ತಿದೆವು. ಮಾವನವರ ಟ್ರಂಕಿನಿಂದ ಹಳದಿಯಾದ ಚೆಂಡೊಂದು ಹೊರಬಂತು. ಒಂದು ಭಾನುವಾರ ಬೆಳಗಿನ ಜಾವ ಮೂಸಿಯ ದಂಡೆಯ ಬಯಲಿಗೆ ಹೋದೆವು.

ಮೊದಲ ಹೊಡೆತ ನಮ್ಮದು. ಚಿಣಿಪಣಿಯ ಹಳೆಯ ಹುರುಪಿನಲ್ಲಿ ಬೀಸಿದೆವು. ಚೆಂಡು ಎದುರಿಗೆ ಹೋಗುವ ಬದಲು ಬಲಕ್ಕೆ ಹಾರಿ, ಮೇಯುತ್ತಿದ್ದ ಎಮ್ಮೆಯೊಂದರ ಕಾಲ ಬಳಿ ಬಿತ್ತು. ಎಮ್ಮೆ ಒಮ್ಮೆ ನೋಡಿ ಕ್ಷಮಿಸಿತು.

“ಜೋರು ಮಾಡಿದರೆ ಹಿಕರಿ ತಿರುಚಿಕೊಳ್ಳುತ್ತೆ, ಸ್ವಾಮಿ. ಉಕ್ಕು ನಿಮ್ಮ ಅವಸರವನ್ನು ಸಹಿಸುತ್ತೆ, ಮರ ಸಹಿಸೊಲ್ಲ. ನಿಧಾನವಾಗಿ ಎತ್ತಿ, ಒಂದು ಗಳಿಗೆ ಕಾಯಿರಿ, ಕೋಲು ತಾನೇ ಬರುತ್ತೆ” ಎಂದು ಹೇಳಿ ಅವರು ನಿಂತರು. ವರ್ಷಗಟ್ಟಲೆ ಇನ್ನೊಬ್ಬರ ಚೀಲ ಹೊತ್ತ ಭುಜ ಮೆಲ್ಲಗೆ ತಿರುಗಿತು. ಟಕ್ ಎಂದು ಒಂದು ಸಣ್ಣ ಶಬ್ದ. ಚೆಂಡು ನೇರವಾಗಿ ಮಂಜಿನೊಳಗೆ ಹೋಯಿತು. ಮಗ ಚಪ್ಪಾಳೆ ತಟ್ಟಿದ. ಅವರು ಕೋಲನ್ನು ಹಾಗೆಯೇ ಹೆಗಲ ಮೇಲಿಟ್ಟುಕೊಂಡು ಚೆಂಡು ಹೋದ ದಿಕ್ಕನ್ನೇ ನೋಡುತ್ತ ನಿಂತಿದ್ದರು.

ಆಮೇಲೆ ನಮಗೆ ಹುಚ್ಚೇ ಹಿಡಿಯಿತು. ಪ್ರತಿ ಗುರುವಾರ ಜುಮ್ಮೆರಾತ್ ಬಜಾರಿನ ಹಳೆ ಸಾಮಾನಿನ ರಾಶಿಗಳಲ್ಲಿ ಕೋಲು ಹುಡುಕಾಟ. ಹತ್ತು ವರ್ಷಗಳಲ್ಲಿ ಸಿಕ್ಕಿದ್ದು ಮೂರೇ. ಒಂದರ ಬೆನ್ನ ಮೇಲೆ ಕೊಳವೆಯ ಗುರುತಿದೆ. ಅದು ಸಿಕ್ಕ ದಿನ ಮಾವನವರಿಗೆ ಪಾಯಸದ ಊಟ ಹಾಕಿದೆವು.

ಈಗ ಮಾವನವರಿಲ್ಲ, ನಮ್ಮ ತಾಯಿಯವರೂ ಇಲ್ಲ. ಚಪ್ಪಾಳೆ ತಟ್ಟಿದ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಹಿಕರಿ ಕೋಲಿನಿಂದಲೇ ಆಡುವವರ ಸಂಘವೊಂದು ಇದೆ. ಸ್ಕಾಟ್ಲೆಂಡಿನಲ್ಲಿ 2005ರಲ್ಲಿ ಹಿಕರಿಯ ವಿಶ್ವ ಪಂದ್ಯವೇ ಆರಂಭವಾಯಿತು. ಅಟ್ಟ ಸೇರಿದ್ದು ಮತ್ತೆ ಅಂಗಳಕ್ಕೆ ಬಂದಿದೆ. ಕಳೆದ ಸಲ ಮಗ ಬಂದಾಗ ಬ್ರಾಸಿಯನ್ನು ಒಯ್ಯುತ್ತೀಯೇನೋ ಎಂದು ಕೇಳಿದೆವು. ಅದು ನಿಮ್ಮ ಹತ್ತಿರವೇ ಇರಲಿ ಎಂದವನು ಅಜ್ಜಿಯ ತಂಬಿಗೆಯನ್ನು ಕೇಳಿದ. ಅವನ ಮಗಳಿಗೆ ಕನ್ನಡ ಓದಲು ಬರುವುದಿಲ್ಲ. ಆದರೆ ಆ ನಾಲ್ಕು ಅಕ್ಷರಗಳ ಮೇಲೆ ಬೆರಳಿಟ್ಟು ಮುತ್ತಜ್ಜಿಯ ಹೆಸರನ್ನು ತಪ್ಪಿಲ್ಲದೆ ಹೇಳುತ್ತಾಳೆಂದು ಮೊನ್ನೆ ಫೋನಿನಲ್ಲಿ ತಿಳಿಸಿದ.

ಊರು ಬಿಟ್ಟು ಊರಿಗೆ ಬಂದ ನಮ್ಮಂಥ ಸಂಸಾರಗಳಲ್ಲಿ ಅಟ್ಟ ಖಾಲಿ ಮಾಡುವ ದಿನ ಬಂದೇ ಬರುತ್ತದೆ. ಎಲ್ಲವನ್ನೂ ಇಟ್ಟುಕೊಳ್ಳಲು ಯಾರ ಮನೆಯಲ್ಲೂ ಜಾಗವಿಲ್ಲ. ಇಟ್ಟುಕೊಳ್ಳಿರೆಂದು ನಾವು ಹೇಳುವುದೂ ಇಲ್ಲ. ಆದರೆ ತಕ್ಕಡಿಗೆ ಇಡುವ ಮುನ್ನ ಪಾತ್ರೆಯ ಕಂಠವನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿರಿ. ಮನೆಯ ಹಿರಿಯರು “ನಿಮಗ ಅನುಕೂಲ ಆದಂಗ ಮಾಡ್ರಿ” ಅಂದರೆ ಇನ್ನೊಮ್ಮೆ ಕೇಳಿರಿ. ನಾವು ಕೇಳಲಿಲ್ಲ.